ಇರೋ ಒಂದೇ ಫೋನಿಗೆ ಬೀಟಾ ಹಾಕೋ ಮುಂಚೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟವನು ಮಸ್ಕಿಯಲ್ಲಿ ಇಳಿದು ಒಗ್ಗರಣಿ-ಮಿರ್ಚಿ ತಿಂದೆ. ದುಡ್ಡು ಕೊಡೋಣ ಅಂತ ಫೋನ್ ತೆಗೆದರೆ ಬ್ಯಾಂಕ್ ಆ್ಯಪ್ ತೆರೀಲೇ ಇಲ್ಲ. ಹಿಂದಿನ ರಾತ್ರಿ ಹೊಸ ಆಪರೇಟಿಂಗ್ ಸಿಸ್ಟಂನ ಬೀಟಾ ಹಾಕಿಕೊಂಡಿದ್ದೆ. ಜೇಬಲ್ಲಿ ನಗದಿಲ್ಲ. ‘ಇರ್ಲಿ ಬಿಡ್ರಿ, ಬರುವಾಗ ಕೊಡ್ರಿ’ ಅಂದರು ಅಂಗಡಿಯವರು. ಲಿಂಗಸುಗೂರಿನ ಎಟಿಎಂನಲ್ಲಿ ಹಣ ತೆಗೆದು ಸಂಜೆ ಬಾಕಿ ತೀರಿಸಿದೆ. ಎಂಜಿನಿಯರಿಂಗ್ ಓದಿದ್ದಕ್ಕೂ ಸಾರ್ಥಕ!

ತಪ್ಪು ನನ್ನದೇ. ಪ್ರಿವ್ಯೂ ಅಂದ್ರೆ ಎಲ್ಲರಿಗಿಂತ ಮೊದಲು ಸಿಗುವ ಹೊಸ ಆವೃತ್ತಿ ಅಂತ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅಸಲಿಗೆ ಅದು ಮುಗಿಯದ ಕೆಲಸ. ಅದರ ತಪ್ಪು ಹುಡುಕುವ, ಸಂಬಳವಿಲ್ಲದ ಪರೀಕ್ಷಕರು ನಾವು.

ಆಂಡ್ರಾಯ್ಡ್ 16ರ ಮೊದಲ ಡೆವಲಪರ್ ಪ್ರಿವ್ಯೂ 2024ರ ನವೆಂಬರ್‌ನಲ್ಲಿ ಬಂತು, ಮೊದಲ ಬೀಟಾ 2025ರ ಜನವರಿಯಲ್ಲಿ, ಪೂರ್ಣ ಆವೃತ್ತಿ ಜೂನ್ 10ಕ್ಕೆ. ಆಮೇಲೆ ಗೂಗಲ್ ಡೆವಲಪರ್ ಪ್ರಿವ್ಯೂ ಬದಲು ‘ಕ್ಯಾನರಿ’ ತಂದಿತು. ಅದು ಆ್ಯಪ್ ಬರೆಯುವವರಿಗೆ ಮಾತ್ರ, ನಮಗೆ ಬೇಡವೇ ಬೇಡ. ಬೀಟಾಗಳ ನಡುವೆ ‘ಪ್ಲಾಟ್‌ಫಾರ್ಮ್ ಸ್ಟೆಬಿಲಿಟಿ’ ಎಂಬ ಘಟ್ಟ ಬರುತ್ತದೆ. ಆ್ಯಪ್‌ಗಳು ನೆಚ್ಚಿಕೊಳ್ಳುವ ಒಳವ್ಯವಸ್ಥೆ ಇನ್ನು ಬದಲಾಗಲ್ಲ ಅಂತ ಅದರರ್ಥ. ಕುತೂಹಲ ತಡೆಯದಿದ್ದರೆ ಅಲ್ಲಿವರೆಗಾದರೂ ಕಾಯಿರಿ. ಐಫೋನಿನಲ್ಲಿ 2023ರಿಂದ ಡೆವಲಪರ್ ಬೀಟಾ ಕೂಡ ಪುಕ್ಕಟೆ ಸಿಗುತ್ತಿದೆ. ಹಾಗಾಗಿ ಆತುರ ಇನ್ನೂ ಹೆಚ್ಚು.

ಹಾಕಿದ ಮೇಲೆ ಬ್ಯಾಟರಿ ಬೇಗ ಖಾಲಿಯಾಗಬಹುದು, ಫೋನ್ ಬಿಸಿಯಾಗಬಹುದು, ಆ್ಯಪ್‌ಗಳು ತಾವಾಗೇ ಮುಚ್ಚಿಕೊಳ್ಳಬಹುದು. ಬ್ಯಾಂಕ್ ಆ್ಯಪ್‌ಗಳು ‘ಈ ಸಿಸ್ಟಂ ನಂಬಬಹುದಾ’ ಅಂತ ತಪಾಸಣೆ ಮಾಡುತ್ತವೆ, ಅನುಮಾನ ಬಂದರೆ ಬಾಗಿಲು ಹಾಕುತ್ತವೆ. ಹಿಂದಕ್ಕೆ ಹೋಗೋದು ಇನ್ನೂ ಕಷ್ಟ. ಪಿಕ್ಸೆಲ್ ಫೋನಿನಲ್ಲಿ ಬೀಟಾದಿಂದ ನಡುವೆ ಹೊರಬಂದರೆ ಫೋನಲ್ಲಿರೋದೆಲ್ಲ ಅಳಿಸಿಹೋಗುತ್ತದೆ. ಐಫೋನನ್ನು ಕಂಪ್ಯೂಟರಿಗೆ ಜೋಡಿಸಿ ಹಳೇ ಆವೃತ್ತಿ ತುಂಬಬೇಕು, ಬೀಟಾದಲ್ಲಿ ತೆಗೆದ ಬ್ಯಾಕಪ್ ಅದಕ್ಕೆ ಹೊಂದಲ್ಲ. ಬ್ಯಾಕಪ್ ಮೊದಲೇ ತೆಗೆದು ಬೇರೆ ಕಡೆ ಇಡಿ.

ಇದು ಬರೀ ನನ್ನ ಮಿರ್ಚಿಯ ಬಾಕಿಯ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2023ರ ಜನವರಿ 1ರಿಂದ ನರೇಗಾ ಕೆಲಸದ ಸ್ಥಳದಲ್ಲಿ ಎನ್‌ಎಂಎಂಎಸ್ ಆ್ಯಪ್ ಮೂಲಕ ದಿನಕ್ಕೆರಡು ಬಾರಿ ಫೋಟೊ ತೆಗೆದು ಹಾಜರಿ ಹಾಕೋದು ಕಡ್ಡಾಯವಾಯಿತು. ಕಾಯಕ ಬಂಧುವಿನ ಒಂದು ಫೋನಿನ ಮೇಲೆ ಇಡೀ ಗುಂಪಿನ ಕೂಲಿ ನಿಂತಿತು. ಬಿಸಿಲಲ್ಲಿ ಮಣ್ಣು ಹೊತ್ತವರ ಹಾಜರಿಯನ್ನು ಆ್ಯಪಿಗೆ ಕಟ್ಟಿಹಾಕಿದ್ದೇ ಸರಿಯಲ್ಲ, ಆ ಜಗಳ ಬೇರೆ. ಆದರೆ ಅಂಥ ಫೋನಿಗೆ ಮನೆಯ ಕಾಲೇಜು ಹುಡುಗ ಕುತೂಹಲಕ್ಕೆ ಬೀಟಾ ಹಾಕಿದರೆ ಕಳೆದುಹೋಗೋದು ಅವನ ಕೂಲಿಯಲ್ಲ.

ಹಾಗಂತ ಯಾರೂ ಮುಟ್ಟಬಾರದು ಅನ್ನಲಾರೆ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಒತ್ತಕ್ಷರ ಮೆಸೇಜಿನಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ಬೀಳುತ್ತಿದ್ದವು. ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ ಎಷ್ಟೋ ಜನರ ಮನೆಮಾತು ಅದೇ ತೆಲುಗು. ಬೀಟಾ ಅಲ್ಲ, ಎಲ್ಲರಿಗೂ ಬಿಟ್ಟಿದ್ದ ಐಒಎಸ್ 11ರಲ್ಲೇ ಇದ್ದ ದೋಷ ಅದು. ಅದೇ ಹೊತ್ತಿಗೆ ಪರೀಕ್ಷೆಯಲ್ಲಿದ್ದ 11.3 ಬೀಟಾದಲ್ಲಿ ಆಗಲೇ ಸರಿಯಾಗಿತ್ತು. ಉಳಿದವರಿಗೆ ಫೆಬ್ರವರಿ 19ರಂದು 11.2.6 ಬಂತು. ನಮ್ಮ ಲಿಪಿಗಳನ್ನು ನಾವೇ ಬಳಸಿ ನೋಡದಿದ್ದರೆ ಇಂಥವು ಎಲ್ಲರ ಕೈಗೂ ತಲುಪುತ್ತವೆ.

ಬೀಟಾ ಸಿಗುವ ಎರಡನೇ ಫೋನ್ ಇದ್ದರೆ, ಸಿಮ್ ತೆಗೆದು, ಬ್ಯಾಂಕ್ ಆ್ಯಪ್ ಹಾಕದೆ ಪರೀಕ್ಷಿಸಿ. ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಅರ್ಕಾವತಿ’ ಟೈಪ್ ಮಾಡಿ ಒತ್ತು, ಅರ್ಕಾವತ್ತು ಸರಿ ಕೂರುತ್ತವಾ ನೋಡಿ. ತಪ್ಪಿದ್ದರೆ ಬೀಟಾ ಜೊತೆ ಬರುವ ಫೀಡ್‌ಬ್ಯಾಕ್ ಆ್ಯಪ್‌ನಲ್ಲಿ ಮಾಡೆಲ್, ಬಿಲ್ಡ್ ನಂಬರ್, ಯಾವ ಕೀಲಿಮಣೆ ಅನ್ನೋದನ್ನು ಬರೆದು, ಸ್ಕ್ರೀನ್‌ಶಾಟ್ ಜೋಡಿಸಿ ಕಳಿಸಿ.