ಔಷಧಜನ್ಯ ದಂತವಿವರ್ಣತೆ

ವ್ಯಾಧಿಯ ಉಪಶಮನಕ್ಕೆಂದು ಸೇವಿಸಿದ ಔಷಧವೇ ಹಲ್ಲಿನ ಸಹಜವರ್ಣವನ್ನು ಕೆಡಿಸುವ ಸ್ಥಿತಿ. ಕಲೆಯು ಮೇಲ್ಮೈಗೆ ಅಂಟಿದುದೋ ಹಲ್ಲಿನ ಒಡಲಲ್ಲೇ ಬೆರೆತುದೋ ಎಂಬುದನ್ನು ನಿರ್ಣಯಿಸದೆ ಚಿಕಿತ್ಸೆಗೆ ತೊಡಗುವುದು ವ್ಯರ್ಥಶ್ರಮ.

ಮಕ್ಕಳಿಗೆ ಕುಡಿಸುವ ಕಬ್ಬಿಣಾಂಶದ ಸಿರಪ್ಪಿನಿಂದ ಹಲ್ಲು ಕಪ್ಪಾಗುವುದೂ, ಕ್ಲೋರ್‌ಹೆಕ್ಸಿಡೀನ್ ದ್ರವದಿಂದ ಬಹುದಿನ ಬಾಯಿ ಮುಕ್ಕಳಿಸಿದವರಲ್ಲಿ ಕಂದು ಲೇಪ ಕೂರುವುದೂ ಮೊದಲ ಬಗೆಯವು. ಸೋಮವಾರಪೇಟೆಯಂಥ ಕಾಫಿಯ ಸೀಮೆಯಲ್ಲಿ ಈ ಕಂದು ಕಲೆ ಬೇಗನೆ ಗಾಢವಾದರೆ ಅಚ್ಚರಿಯಿಲ್ಲ. ಆದರೂ ದಂತವೈದ್ಯನು ಹಲ್ಲನ್ನು ಶುಚಿಮಾಡಿ ಹೊಳಪು ಕೊಟ್ಟರೆ ಅದು ಹೋಗುತ್ತದೆ.

ಕಠಿನವಾದುದು ಎರಡನೆಯ ಬಗೆಗೆ ಸೇರಿದ ಟೆಟ್ರಾಸೈಕ್ಲಿನ್ ವರ್ಗದ ಔಷಧಗಳ ಕಲೆ. ಯಲ್ಲಾಪ್ರಗಡ ಸುಬ್ಬರಾಯರು ಸಂಶೋಧನೆಯನ್ನು ನಿರ್ದೇಶಿಸುತ್ತಿದ್ದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಬೆಂಜಮಿನ್ ಡಗ್ಗರ್ ಕಂಡುಹಿಡಿದು 1948ರಲ್ಲಿ ಪ್ರಕಟಿಸಿದ ಆರಿಯೊಮೈಸಿನ್ ಈ ವರ್ಗದ ಮೊದಲನೆಯದು. ಹಲ್ಲಿನ ಮೇಲೆ ಇವುಗಳ ದುಷ್ಪರಿಣಾಮ ವರದಿಯಾದುದು 1956ರಲ್ಲಿ. ಗರ್ಭದ ನಾಲ್ಕನೆಯ ತಿಂಗಳಿನಿಂದ ಸುಮಾರು ಎಂಟನೆಯ ವಯಸ್ಸಿನವರೆಗೆ, ಹಲ್ಲು ರೂಪುಗೊಳ್ಳುತ್ತಿರುವಾಗ, ಈ ಔಷಧವು ಸುಣ್ಣದಂಶದೊಡನೆ ಕೂಡಿ ಅಲ್ಲಿಯೇ ನೆಲೆಸುತ್ತದೆ. ಹೊಸದಾಗಿ ಮೂಡಿದ ಹಲ್ಲು ಹಳದಿಯಾಗಿದ್ದು, ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ. ವರ್ಷಗಳು ಕಳೆದಂತೆ ಬಿಸಿಲು ತಾಗುವ ಮುಂಬಲ್ಲುಗಳು ಬೂದುಗಂದಾದರೂ ದವಡೆಹಲ್ಲುಗಳು ಹಳದಿಯಾಗಿಯೇ ಉಳಿಯುವುದುಂಟು. ಅಡ್ಡಪಟ್ಟಿಗಳು ಔಷಧ ಕೊಟ್ಟ ಕಾಲವನ್ನು ಮರದ ಉಂಗುರಗಳಂತೆ ಸೂಚಿಸುತ್ತವೆ. ಪಾವಗಡ, ಮುಂಡರಗಿಗಳ ಕಡೆ ನೀರಿನ ಫ್ಲೋರೈಡಿನಿಂದಾಗುವ ಕಲೆಯೊಡನೆ ಇದನ್ನು ಬೆರೆಸಬಾರದು.

ಟೆಟ್ರಾಸೈಕ್ಲಿನ್ ಕಲೆಯನ್ನು ಇದ್ದಿಲು, ನಿಂಬೆರಸ, ಉಪ್ಪುಗಳಿಂದ ಉಜ್ಜಿದರೆ ಎನಾಮಲ್ ಸವೆಯುವುದೇ ಹೊರತು ಬಣ್ಣ ಬದಲಾಗದು. ಹಲ್ಲಿನ ಅಳತೆಗೆ ತಯಾರಿಸಿದ ಟ್ರೇಯಲ್ಲಿ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಲೇಪವನ್ನು ರಾತ್ರಿ ಧರಿಸುವ ಕ್ರಮ 1989ರಲ್ಲಿ ಪ್ರಚಾರಕ್ಕೆ ಬಂತು. ಸಾಮಾನ್ಯ ಕಲೆಗೆ ಕೆಲವು ವಾರಗಳು ಸಾಕಾದರೆ, ಟೆಟ್ರಾಸೈಕ್ಲಿನ್ ಕಲೆಗೆ ಮೂರರಿಂದ ಆರು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ವಸಡಿನಂಚಿನ ಭಾಗ ತಿಳಿಯಾಗುವುದು ಕಡುಕಷ್ಟ. ಅದರಿಂದಲೂ ತೃಪ್ತಿಯಾಗದಿದ್ದರೆ ಪಿಂಗಾಣಿಯ ತೆಳುಹೊದಿಕೆ, ಕೊನೆಗೆ ಕ್ಯಾಪ್ ಹಾಕಿಸುವುದು ಮಾರ್ಗ. ಆದರೆ ಕೆತ್ತಿದ ಹಲ್ಲು ಮತ್ತೆ ಬೆಳೆಯದಾದ ಕಾರಣ, ಬಿಳಿಚಿಸುವ ಕ್ರಮವನ್ನೇ ಮೊದಲು ತಾಳ್ಮೆಯಿಂದ ನಡೆಸಿ ನೋಡುವುದು ಲೇಸು. ಇಂಥ ಚಿಕಿತ್ಸೆಗೆ ಸೋಮವಾರಪೇಟೆಯವರಿಗೆ ಜಿಲ್ಲೆಯೊಳಗೇ ವಿರಾಜಪೇಟೆಯಲ್ಲಿ ದಂತವೈದ್ಯಕೀಯ ಮಹಾವಿದ್ಯಾಲಯವಿದೆ.

ಗರ್ಭಿಣಿಯರೂ ಚಿಕ್ಕಮಕ್ಕಳ ತಾಯ್ತಂದೆಯರೂ ವೈದ್ಯರನ್ನು ಕೇಳದೆ ಟೆಟ್ರಾಸೈಕ್ಲಿನ್ ವರ್ಗದ ಮಾತ್ರೆಗಳನ್ನು ಅಂಗಡಿಯಿಂದ ತರಿಸಬಾರದು. ಆದರೆ ಸ್ಕ್ರಬ್ ಟೈಫಸ್‌ನಂಥ ಜ್ವರಕ್ಕೆ ವೈದ್ಯರೇ ಇದೇ ವರ್ಗದ ಡಾಕ್ಸಿಸೈಕ್ಲಿನ್ ಬರೆದಾಗ ಹಲ್ಲಿನ ಭಯದಿಂದ ಮಗುವಿಗೆ ಅದನ್ನು ತಪ್ಪಿಸಕೂಡದು. ಅದು ಸುಣ್ಣದಂಶಕ್ಕೆ ಅಂಟುವುದು ಕಡಿಮೆ, 21 ದಿನ ಮೀರದ ಸೇವನೆ ಮಕ್ಕಳಿಗೂ ಸಮ್ಮತ.