ಒಡೆದ ತ್ರಿಕಾಸ್ಥಿ: ಮೂಳೆಯಿಂದ ನರದತ್ತ ಹೊರಳಿದ ಶಸ್ತ್ರಚಿಕಿತ್ಸೆ

ಬೆನ್ನುಮೂಳೆಯ ಬುಡದಲ್ಲಿ, ಶ್ರೋಣಿಯ ಹಿಂಭಾಗದಲ್ಲಿರುವ ತ್ರಿಕೋನ ಮೂಳೆಯಾದ ತ್ರಿಕಾಸ್ಥಿಯ ಮುರಿತದ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಸ್ಕ್ರೂ, ಸರಳುಗಳು ಸುಧಾರಿಸಿದ ಕಥೆಯಾಗಿ ಹೇಳುವುದೇ ರೂಢಿ. ಈ ಲೇಖನದ ವಾದ ಬೇರೆ: ವೈದ್ಯರ ಕಣ್ಣು ಮೂಳೆಯನ್ನು ದಾಟಿ ಅದರೊಳಗಿನ ನರಗಳ ಮೇಲೆ ನೆಟ್ಟಾಗಲೇ ಚಿಕಿತ್ಸೆಯ ದಿಕ್ಕು ಬದಲಾಯಿತು.

ಶ್ರೋಣಿಯ ಉಂಗುರ ಹಿಂದೆ ಮುಂದೆ ಎರಡೂ ಕಡೆ ಒಡೆಯುವ ಗಾಯವನ್ನು ಫ್ರಾನ್ಸಿನ ಶಸ್ತ್ರವೈದ್ಯ ಮಾಲ್ಗೇನ್ 1847ರಲ್ಲೇ ವಿವರಿಸಿದ್ದ. ಎಕ್ಸ್-ರೇ ಬಂದ ಮೇಲೂ ತ್ರಿಕಾಸ್ಥಿಯ ಬಿರುಕು ಎಷ್ಟೋ ಸಲ ಕಣ್ತಪ್ಪುತ್ತಿತ್ತು. ಮೂಳೆ ಓರೆಯಾಗಿ ಬಾಗಿದೆ, ಅದರ ಮೇಲೆ ಕರುಳಿನ ಗಾಳಿಯ ನೆರಳು ಬೇರೆ. 1970ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬರುವ ತನಕ ಒಡಕಿನ ಪೂರ್ಣ ಸ್ವರೂಪ ಸಿಕ್ಕುತ್ತಿರಲಿಲ್ಲ. ಆಗ ಚಿಕಿತ್ಸೆಯೆಂದರೆ ವಾರಗಟ್ಟಲೆ ಹಾಸಿಗೆ, ಕಾಲಿಗೆ ತೂಕ ಕಟ್ಟಿ ಎಳೆತ, ಸೊಂಟಕ್ಕೆ ಜೋಲಿ.

1985ರಲ್ಲಿ ರಾಯ್-ಕಾಮಿಲ್ ಮತ್ತು ಸಂಗಡಿಗರು ಎತ್ತರದಿಂದ ಬಿದ್ದವರಲ್ಲಿ ತ್ರಿಕಾಸ್ಥಿಯ ಮೇಲ್ಭಾಗ ಅಡ್ಡಲಾಗಿ ಮುರಿಯುವ ಬಗೆಗಳನ್ನು ವಿಂಗಡಿಸಿದರು. ಆದರೆ ಹೆಚ್ಚು ತೂಕದ ಕೆಲಸ ಅಮೆರಿಕದ ಡೆನಿಸ್ ಮತ್ತು ಸಹೋದ್ಯೋಗಿಗಳು 1988ರಲ್ಲಿ ಪ್ರಕಟಿಸಿದ 236 ಪ್ರಕರಣಗಳ ಅಧ್ಯಯನ. ನರಗಳು ಹೊರಬರುವ ರಂಧ್ರಗಳನ್ನೇ ಗಡಿಯಾಗಿಟ್ಟು ಅವರು ಮೂಳೆಯನ್ನು ಮೂರು ವಲಯಗಳಾಗಿ ಹಂಚಿದರು. ರಂಧ್ರಗಳ ಹೊರಗೆ ಮುರಿದಾಗ ನರಹಾನಿ 5.9%, ರಂಧ್ರಗಳ ಮೂಲಕ ಹಾದರೆ 28.4%, ನಡುವಿನ ನಾಳಕ್ಕೆ ತಾಗಿದರೆ 56.7%. ಗೆರೆ ಕೆಲವೇ ಮಿಲಿಮೀಟರ್ ಒಳಸರಿದರೆ ಮೂತ್ರ, ಮಲದ ಹಿಡಿತವೇ ಪಣಕ್ಕೆ ಬೀಳುತ್ತದೆಂದು ಈ ಅಂಕಿಗಳು ತೋರಿಸಿದವು. ಇಷ್ಟು ಸರಳ ವಿಂಗಡಣೆ ಅಷ್ಟು ತಡವಾಗಿ ಬಂದದ್ದು ಅಚ್ಚರಿಯೇ.

ಉಪಕರಣಗಳು ಆಮೇಲೆ ಬೇಗ ಬೆಳೆದವು. 1990ರ ದಶಕದಲ್ಲಿ ಸಿಯಾಟಲ್‌ನ ಚಿಪ್ ರೌಟ್ ಮತ್ತಿತರರು ರೋಗಿಯನ್ನು ಅಂಗಾತ ಮಲಗಿಸಿ, ಸಣ್ಣ ಕೊಯ್ತದ ಮೂಲಕವೇ ಇಲಿಯಂನಿಂದ (ಪಕ್ಕದ ಅಗಲ ಶ್ರೋಣಿ ಮೂಳೆಯಿಂದ) ತ್ರಿಕಾಸ್ಥಿಗೆ ಸ್ಕ್ರೂ ಹಾಯಿಸುವುದನ್ನು ಬಳಕೆಗೆ ತಂದರು. ದಾರಿ ಇಕ್ಕಟ್ಟಿನದು, ಹುಟ್ಟಿನಿಂದಲೇ ಮೂಳೆಯ ಆಕಾರ ಭಿನ್ನವಾಗಿದ್ದರೆ ಸ್ಕ್ರೂ ನರಕ್ಕೇ ತಗಲಬಹುದು. 1998ರಲ್ಲಿ ಜರ್ಮನಿಯ ಶಿಲ್ಡ್‌ಹೌವರ್ ತಂಡ ಆ ಸ್ಕ್ರೂವಿನ ಜತೆಗೆ ಸೊಂಟದ ಕಶೇರುವಿನಿಂದ ಇಲಿಯಂಗೆ ಸರಳು ಸೇರಿಸಿತು. ಈ ತ್ರಿಕೋನ ಜೋಡಣೆಯಿಂದ ರೋಗಿ ಬೇಗನೆ ಕಾಲೂರಬಹುದು. ಬೆಲೆಯೂ ಇದೆ: ಸರಳು ಕೂರುವಲ್ಲಿ ಚರ್ಮದಡಿ ಮಾಂಸ ತೆಳು, ಲೋಹ ಒತ್ತಬಹುದು, ಗಾಯ ಕೀವಾಗಬಹುದು, ಕೆಲವರಿಗೆ ಲೋಹ ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಮೂಳೆ ಕೂಡುವುದು ತಿಂಗಳುಗಳ ಮಾತು. ನರ ಹಾಗಲ್ಲ. ಜಜ್ಜಿದ ನರ ನಿಧಾನವಾಗಿ ಚೇತರಿಸಿಕೊಳ್ಳಬಹುದು, ಹರಿದುಹೋದದ್ದಕ್ಕೆ ಆಸೆ ಕಡಿಮೆ. ಒಂದು ಪಕ್ಕದ ನರಗಳಾದರೂ ಉಳಿದರೆ ಮೂತ್ರದ ಹಿಡಿತ ಬಹುಮಟ್ಟಿಗೆ ನಿಲ್ಲುತ್ತದೆ. ನರದ ಮೇಲಿನ ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆ ಯಾವಾಗ ಆಗಬೇಕು, ಎಲ್ಲರಿಗೂ ಬೇಕೇ ಎಂಬ ವಾದ ತೀರಿಲ್ಲ, ಬಿಡಿಸದೆಯೂ ಸುಧಾರಿಸಿದವರಿದ್ದಾರೆ. ಫಲಿತಾಂಶದ ವರದಿಗಳಲ್ಲಿ ಸ್ಕ್ರೂವಿನ ಸ್ಥಾನಕ್ಕೆ ಸಿಗುವ ಜಾಗ, ಇವೇ ನರಗಳನ್ನು ನೆಚ್ಚಿಕೊಂಡ ಲೈಂಗಿಕ ಸಾಮರ್ಥ್ಯಕ್ಕೆ ಸಿಗುವುದಿಲ್ಲ. ಗಾಯಗೊಂಡವರಲ್ಲಿ ಬಹಳಷ್ಟು ಮಂದಿ ಯುವಕ ಯುವತಿಯರು. ಅವರು ಸಂಕೋಚದಿಂದ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ.