ಹಿಂದೆ ಬರುವ ಗಾಡಿಯ ಬ್ರೇಕು

ಮಟ್ಟಾಂಚೇರಿಯ ಬಜಾರ್ ರಸ್ತೆಯ ಹಳೆಯ ಗೋದಾಮುಗಳಿಗೆ ಎರಡು ಮುಖ. ಒಂದು ರಸ್ತೆಗೆ, ಇನ್ನೊಂದು ಹಿನ್ನೀರಿಗೆ. ಮೆಣಸು, ಶುಂಠಿ, ಅಕ್ಕಿ ಎಲ್ಲವೂ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ದೋಣಿಗಳಲ್ಲಿ ಹಿಂಬಾಗಿಲ ಮೆಟ್ಟಿಲಿಗೇ ಬಂದು ನಿಲ್ಲುತ್ತಿದ್ದವು. ಅಲ್ಲಿಂದ ಮುಂದಕ್ಕೆ ಆಳುಗಳ ತಲೆ, ಇಲ್ಲವೇ ಕೈಗಾಡಿ. ಊರು ಸಮುದ್ರಮಟ್ಟದಿಂದ ಹೆಚ್ಚು ಮೇಲಿಲ್ಲ, ಏರೂ ಇಲ್ಲ, ಇಳಿಜಾರೂ ಇಲ್ಲ. ಕೈಗಾಡಿ ಎಳೆಯುವವನು ಎಳೆಯುವುದನ್ನು ಬಿಟ್ಟರೆ ಗಾಡಿ ತಾನಾಗಿ ನಿಲ್ಲುತ್ತಿತ್ತು. ನೂರಾರು ವರ್ಷ ಜಗತ್ತಿನೊಡನೆ ವ್ಯಾಪಾರ ಮಾಡಿದ ಈ ಬಂದರಿಗೆ ಬ್ರೇಕು ಎಂಬುದೊಂದು ದೊಡ್ಡ ಪ್ರಶ್ನೆಯಾಗಿ ಕಾಡಲೇ ಇಲ್ಲ.

ದಕ್ಷಿಣಕ್ಕೆ ತಿರುವನಂತಪುರದ ಕಡಲತೀರದಲ್ಲೂ ಹೀಗೆಯೇ. ಅಲ್ಲಿನ ಕಟ್ಟುಮರ ಎಂದರೆ ಹಗ್ಗದಿಂದ ಬಿಗಿದ ನಾಲ್ಕಾರು ಮರದ ದಿಮ್ಮಿಗಳು. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿದರೆ ದೋಣಿಯೇ ಹೊರೆಗಳಾಗಿ ಹೆಗಲೇರುತ್ತಿತ್ತು. ದೊಡ್ಡ ದೋಣಿಗಳನ್ನು ಹತ್ತಿಪ್ಪತ್ತು ಜನ ಸೇರಿ ಮರಳಿನ ಮೇಲೆ ಎಳೆಯುತ್ತಿದ್ದರು. ಎಳೆಯುವ ಕೈ ಸಡಿಲವಾದ ಕೂಡಲೇ ಮರಳೇ ದೋಣಿಯನ್ನು ಹಿಡಿದು ನಿಲ್ಲಿಸುತ್ತಿತ್ತು.

ತೊಂದರೆ ಶುರುವಾಗುವುದು ದೋಣಿಯ ಕೆಳಗೆ ಚಕ್ರ ಬಂದಾಗ. ಎಳೆಯುವುದನ್ನು ಹಗುರ ಮಾಡುವ ಚಕ್ರವೇ ನಿಲ್ಲಿಸುವುದನ್ನು ಕಷ್ಟ ಮಾಡುತ್ತದೆ. ಕೊಚ್ಚಿ ರಾಜ್ಯ ಈ ಪಾಠ ಕಲಿತದ್ದು ನೀರಿನಲ್ಲಲ್ಲ, ಬೆಟ್ಟದಲ್ಲಿ.

ಶೊರನೂರಿನಿಂದ ಎರ್ನಾಕುಳಂಗೆ ರೈಲು ಬಂದದ್ದು 1902ರಲ್ಲಿ. ಐದು ವರ್ಷಗಳ ಬಳಿಕ, 1907ರಲ್ಲಿ, ಅದೇ ರಾಜ್ಯ ಪರಂಬಿಕುಳಂ ಕಾಡಿನ ತೇಗ, ಬೀಟೆಗಳನ್ನು ಚಾಲಕುಡಿಗೆ ಇಳಿಸಲು ಸುಮಾರು 80 ಕಿಲೋಮೀಟರ್ ಉದ್ದದ ಟ್ರಾಮ್ ದಾರಿ ಹಾಕಿತು. ಚಾಲಕುಡಿಯಲ್ಲಿ ಅದು ರೈಲಿಗೆ ಸೇರುತ್ತಿತ್ತು, ಅಲ್ಲಿಂದ ಮರ ಬಂದರಿನ ಕಡೆಗೆ. ಸಮತಟ್ಟಾದ ಜಾಗದಲ್ಲಿ ಉಗಿ ಎಂಜಿನ್ ಎಳೆಯಿತು. ಆದರೆ ಘಟ್ಟದ ಕಡಿದಾದ ಇಳಿಜಾರುಗಳಲ್ಲಿ ಎಂಜಿನ್ನಿಗೆ ಕೆಲಸವಿರಲಿಲ್ಲ. ಮೇಲೊಂದು ದೊಡ್ಡ ರಾಟೆ, ಅದರ ಸುತ್ತ ಉಕ್ಕಿನ ಹಗ್ಗ. ಹಗ್ಗದ ಒಂದು ತುದಿಯಲ್ಲಿ ಮರ ಹೇರಿದ ಬಂಡಿ ಕೆಳಗಿಳಿಯುತ್ತಿದ್ದರೆ, ಅದರ ಭಾರವೇ ಇನ್ನೊಂದು ತುದಿಯ ಖಾಲಿ ಬಂಡಿಯನ್ನು ಮೇಲೆಳೆಯುತ್ತಿತ್ತು. ಎಳೆಯುವ ಕೆಲಸ ಭೂಮಿಯದ್ದು, ತಡೆಯುವ ಕೆಲಸ ಮಾತ್ರ ಮನುಷ್ಯನದ್ದು. ಆ ಇಳಿಜಾರುಗಳಲ್ಲಿ ನಿಜವಾದ ಯಂತ್ರವೆಂದರೆ ಬ್ರೇಕೇ. 1963ರಲ್ಲಿ ನಿಲ್ಲುವವರೆಗೂ ಆ ದಾರಿ ಮರ ಇಳಿಸಿತು.

ಎಳೆಸಿಕೊಳ್ಳುವ ಬಂಡಿಗೆ ತನ್ನದೇ ಬ್ರೇಕು ಬೇಕೆಂಬ ಮಾತನ್ನು ಜಗತ್ತು ಅದಕ್ಕೂ ಮೊದಲೇ ದೊಡ್ಡ ಬೆಲೆ ತೆತ್ತು ಕಲಿತಿತ್ತು. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಬಳಿ, ಮಕ್ಕಳೇ ಹೆಚ್ಚಿದ್ದ ಪ್ರವಾಸದ ರೈಲೊಂದು ಏರು ಹತ್ತಲಾಗದೆ ನಿಂತಿತು. ಮುಂದಿನ ಕೆಲವು ಡಬ್ಬಿಗಳನ್ನು ಮೊದಲು ಮೇಲೆ ಒಯ್ಯೋಣವೆಂದು ರೈಲನ್ನು ಎರಡು ಮಾಡಿದರು. ಆ ರೈಲಿನ ಬ್ರೇಕು ಎಂಜಿನ್ನಿನ ಜೊತೆ ಕೊಳವೆ ಕೂಡಿಕೊಂಡಿದ್ದರೆ ಮಾತ್ರ ಕೆಲಸ ಮಾಡುವಂಥದ್ದು. ಬೇರ್ಪಟ್ಟ ಡಬ್ಬಿಗಳನ್ನು ಹಿಡಿಯಲು ಉಳಿದದ್ದು ಕೊನೆಯ ಡಬ್ಬಿಯ ಕೈಬ್ರೇಕು ಮತ್ತು ಚಕ್ರಕ್ಕೆ ಕೊಟ್ಟ ಕಲ್ಲುಗಳು. ಡಬ್ಬಿಗಳು ಹಿಂದಕ್ಕೆ ಉರುಳಿ ಇನ್ನೊಂದು ರೈಲಿಗೆ ಬಡಿದವು. 80 ಜನ ಸತ್ತರು. ಅದೇ ವರ್ಷ ಬ್ರಿಟನ್ ಕಾನೂನು ಮಾಡಿತು: ಪ್ರಯಾಣಿಕರ ರೈಲಿನ ಉದ್ದಕ್ಕೂ ಬ್ರೇಕು ಇರಬೇಕು, ಕೊಂಡಿ ಕಳಚಿದರೆ ಅದು ತಾನಾಗಿ ಹಿಡಿಯಬೇಕು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1870ರ ದಶಕದ ಆರಂಭದಲ್ಲೇ ಇಂಥ ಏರ್‌ಬ್ರೇಕ್ ಮಾಡಿ ತೋರಿಸಿದ್ದರು. ಉಪಾಯ ಇತ್ತು, ಕಡ್ಡಾಯ ಇರಲಿಲ್ಲ.

ರೈಲಿನಲ್ಲಿ ಇತ್ಯರ್ಥವಾದ ಈ ಮಾತು ರಸ್ತೆಯಲ್ಲಿ ಇನ್ನೂ ಪೂರ್ತಿ ಇಳಿದಿಲ್ಲ. ಬ್ರೇಕಿಲ್ಲದ ಟ್ರೇಲರ್ ಎಳೆಯುವ ಟ್ರ್ಯಾಕ್ಟರನ್ನು ನೋಡಿದವರಿಗೆ ಇದು ಹೊಸತಲ್ಲ. ದೋಣಿಯ ಟ್ರೇಲರ್‌ಗಳ ಕಥೆಯೂ ಅದೇ. ಚೌಕಟ್ಟು, ಒಂದು ಅಚ್ಚು, ಎರಡು ಚಕ್ರ, ದೋಣಿ ಕೂರಲು ರೋಲರ್. ಹಗುರವಾದ ಮರದ ದೋಣಿಗೆಂದು ಮಾಡಿದ್ದು. ಕಾಲ ಕಳೆದಂತೆ ಮೇಲಿನ ದೋಣಿ ಫೈಬರಿನದ್ದಾಗುತ್ತದೆ, ಹೊರಗೆ ತೂಗುಹಾಕುವ ಎಂಜಿನ್ ಬರುತ್ತದೆ, ಇಂಧನದ ಟ್ಯಾಂಕು, ಬಲೆ, ಹಗ್ಗ ಸೇರುತ್ತವೆ. ಕೆಳಗಿನ ಟ್ರೇಲರ್ ಮಾತ್ರ ಹಳೆಯದೇ.

ಒಂದು ಲೆಕ್ಕ ನೋಡಬಹುದು. ದೋಣಿಯೂ ಸೇರಿ 1,200 ಕಿಲೋ ತೂಗುವ ಟ್ರೇಲರ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ. 30 ಮೀಟರಿನಲ್ಲಿ ನಿಲ್ಲಿಸಬೇಕಾದರೆ, ಬ್ರೇಕಿಲ್ಲದ ಆ ಟ್ರೇಲರ್ ಮುಂದಿನ ವಾಹನವನ್ನು ಹೆಚ್ಚುಕಡಿಮೆ 565 ಕಿಲೋ ಭಾರದಷ್ಟು ಬಲದಿಂದ ಹಿಂದಿನಿಂದ ತಳ್ಳುತ್ತಿರುತ್ತದೆ. ನೇರ ದಾರಿಯಲ್ಲಿ ಇದರಿಂದ ವಾಹನ ನಿಲ್ಲುವ ದೂರ ಹೆಚ್ಚುತ್ತದೆ. ತಿರುವಿನಲ್ಲಿ, ಮಳೆಯಲ್ಲಿ ನೆಂದ ರಸ್ತೆಯಲ್ಲಿ, ಆ ತಳ್ಳು ವಾಹನದ ಹಿಂಭಾಗವನ್ನೇ ಪಕ್ಕಕ್ಕೆ ನೂಕಿ, ಎರಡೂ ಚಾಕುವಿನಂತೆ ಮಡಚಿಕೊಳ್ಳಬಹುದು. ವೇಗ ಎರಡು ಪಟ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ಯುರೋಪಿನ ನಿಯಮಗಳು 750 ಕಿಲೋವರೆಗಿನ ಟ್ರೇಲರ್‌ಗೆ ಮಾತ್ರ ಬ್ರೇಕಿನಿಂದ ವಿನಾಯಿತಿ ಕೊಡುವುದು ಈ ಕಾರಣಕ್ಕೇ.

ಇಂಥ ಟ್ರೇಲರ್‌ಗೆ ಹೆಚ್ಚಾಗಿ ಹಾಕುವುದು ಓವರ್‌ರನ್ ಬ್ರೇಕ್. ಇದರ ಜಾಣತನ ಪರಂಬಿಕುಳಂ ಇಳಿಜಾರಿನದ್ದೇ: ತೊಂದರೆ ಕೊಡುವ ಭಾರವನ್ನೇ ಕೆಲಸಕ್ಕೆ ಹಚ್ಚುವುದು. ಎಳೆಯುವ ವಾಹನ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದೆ. ಆಗ ಮೂಕಿಯ ತುದಿಯ ಕೊಂಡಿ ಒಳಕ್ಕೆ ಸರಿದು, ಸರಳು ಮತ್ತು ಕೇಬಲ್‌ಗಳ ಮೂಲಕವೋ ಎಣ್ಣೆಯ ಒತ್ತಡದಿಂದಲೋ ಚಕ್ರದ ಡ್ರಮ್ಮಿನೊಳಗಿನ ಶೂಗಳನ್ನು ಅಗಲಿಸುತ್ತದೆ. ಟ್ರೇಲರ್ ಎಷ್ಟು ಜೋರಾಗಿ ತಳ್ಳುತ್ತದೋ ಬ್ರೇಕು ಅಷ್ಟು ಜೋರಾಗಿ ಹಿಡಿಯುತ್ತದೆ.

ಹಳೆಯ ಟ್ರೇಲರ್‌ಗೆ ಇದನ್ನು ಕೂರಿಸುವುದೆಂದರೆ ಡ್ರಮ್ ತಂದು ಸಿಕ್ಕಿಸುವುದಲ್ಲ. ಮೊದಲ ಪ್ರಶ್ನೆ ಅಚ್ಚಿನದ್ದು. ಬ್ರೇಕಿನ ಹಿಂತಟ್ಟೆಯನ್ನು ಬೋಲ್ಟ್ ಮಾಡುವ ಚಾಚುಪಟ್ಟಿ ಅಚ್ಚಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ, ತುಕ್ಕು ತಿಂದ ಹಳೆಯ ಅಚ್ಚಿಗೆ ವೆಲ್ಡಿಂಗ್ ಮಾಡುವುದಕ್ಕಿಂತ ಬ್ರೇಕ್ ಸಮೇತ ಹೊಸ ಅಚ್ಚು ಹಾಕುವುದೇ ಭದ್ರ. ಎರಡನೆಯದು ಚಕ್ರ: ತೀರಾ ಚಿಕ್ಕ ರಿಮ್ಮಿನೊಳಗೆ ಡ್ರಮ್ ಹಿಡಿಸುವುದಿಲ್ಲ. ಮೂರನೆಯದು ಕೊಂಡಿ. ಅದು ಟ್ರೇಲರಿನ ಒಟ್ಟು ತೂಕಕ್ಕೆ ಹೊಂದಬೇಕು. ಭಾರಕ್ಕೆಂದು ಮಾಡಿದ ಕೊಂಡಿ ಹಗುರ ಟ್ರೇಲರಿನಲ್ಲಿ ಸರಿಯುವುದೇ ಇಲ್ಲ. ಹಗುರಕ್ಕೆಂದು ಮಾಡಿದ್ದು ಭಾರದ ಟ್ರೇಲರಿನಲ್ಲಿ ಪ್ರತಿ ಕುಲುಕಿಗೂ ಬಡಿದುಕೊಳ್ಳುತ್ತದೆ. ಜೊತೆಗೆ ಹಿಂದಕ್ಕೆ ತಳ್ಳುವಾಗ ಬ್ರೇಕು ತಾನಾಗಿ ಹಿಡಿಯದಂತೆ ಬಿಡಿಸುವ ಏರ್ಪಾಡೂ ಬೇಕು.

ಕೊನೆಯದು ಅರ್ಮಾದ ಪಾಠ. ಟ್ರೇಲರಿನ ಕೈಬ್ರೇಕಿನಿಂದ ಮುಂದಿನ ವಾಹನಕ್ಕೆ ಒಂದು ತೆಳು ಉಕ್ಕಿನ ಹಗ್ಗ. ಓಡುವಾಗ ಕೊಂಡಿ ಕಳಚಿದರೆ ಆ ಹಗ್ಗ ಕೈಬ್ರೇಕನ್ನು ಎಳೆದು, ಆಮೇಲೆ ತುಂಡಾಗುತ್ತದೆ. ಇಡೀ ಜೋಡಣೆಯಲ್ಲಿ ಅಗ್ಗದ ವಸ್ತು ಅದೇ. ಒಂಟಿಯಾಗಿ ಉರುಳುವ ದೋಣಿಗೂ ರಸ್ತೆಬದಿಯ ಜನರಿಗೂ ನಡುವೆ ಇರುವುದು ಅದೊಂದೇ.

ಕೊಚ್ಚಿಯಂಥ ಊರಿನಲ್ಲಿ ಇದಕ್ಕೆ ಇನ್ನೊಬ್ಬ ಶತ್ರು ಇದ್ದಾನೆ: ಉಪ್ಪುನೀರು. ದೋಣಿ ಇಳಿಸಲು ಟ್ರೇಲರನ್ನು ಅಚ್ಚು ಮುಳುಗುವವರೆಗೆ ನೀರಿಗಿಳಿಸಬೇಕು. ದಾರಿಯುದ್ದಕ್ಕೂ ಬಿಸಿಯಾದ ಬೇರಿಂಗ್ ಗೂಡು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ನೀರನ್ನು ಒಳಗೆ ಹೀರುತ್ತದೆ. ಡ್ರಮ್ಮಿನೊಳಗೆ ನಿಂತ ಉಪ್ಪು ಶೂಗಳನ್ನು ಅಂಟಿಸಿಬಿಡುತ್ತದೆ. ಹಾಗಾಗಿ ಬ್ರೇಕ್ ಹಾಕಿಸಿದಷ್ಟೇ ಮುಖ್ಯ ಅದನ್ನು ತೊಳೆಯುವುದು: ನೀರಿಗಿಳಿಸುವ ಮುನ್ನ ತಣಿಯಲು ಬಿಡುವುದು, ಮೇಲೆ ಬಂದ ಮೇಲೆ ಡ್ರಮ್ಮಿನೊಳಗೆ ಸಿಹಿನೀರು ಹಾಯಿಸುವುದು, ಬೇರಿಂಗಿಗೆ ಗ್ರೀಸ್ ತುಂಬುವುದು, ಕೈಬ್ರೇಕ್ ಎಳೆದಿಟ್ಟು ತಿಂಗಳುಗಟ್ಟಲೆ ನಿಲ್ಲಿಸದಿರುವುದು. ಉಪ್ಪಿಗೆ ಹೆದರಿ ಬ್ರೇಕೇ ಬೇಡವೆಂದವರು ಬಹಳ. ಹಳೆಯ ದೋಣಿ ಟ್ರೇಲರ್‌ಗಳು ಬ್ರೇಕಿಲ್ಲದೆ ಉಳಿದುಹೋಗಲು ಅದೂ ಒಂದು ಕಾರಣ.

ಇದೆಲ್ಲ ಕೆಲವರ ಹವ್ಯಾಸದ ಮಾತೆಂದು ತಳ್ಳಿಹಾಕುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ದೋಣಿಗಳು ರಸ್ತೆಗೆ ಬಂದವು. ತಿರುವನಂತಪುರದ ವಿಳಿಞಂ, ಪೂಂದುರದಂಥ ತೀರಗಳಿಂದ, ಕೊಲ್ಲಂ, ಆಲಪ್ಪುಳ, ಎರ್ನಾಕುಳಂ ಕಡೆಗಳಿಂದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಚೆಂಗನ್ನೂರು, ಆಲುವ, ಪರವೂರು, ಚಾಲಕುಡಿಗಳತ್ತ ಹೊರಟರು. ಆಗ ಸರಕಾರ ಕೊಟ್ಟ ಲೆಕ್ಕದಲ್ಲಿ 669 ದೋಣಿಗಳು, ಸುಮಾರು 4,500 ಮೀನುಗಾರರು, ಅವರು ಉಳಿಸಿದ ಜೀವ 65,000ಕ್ಕೂ ಹೆಚ್ಚು.

ಅಂದು ದೋಣಿ ಬಂದದ್ದು ಲಾರಿಯ ಮೇಲೆ. ಲಾರಿಯ ಹೊರೆಯನ್ನು ಲಾರಿಯ ಬ್ರೇಕೇ ನೋಡಿಕೊಳ್ಳುತ್ತದೆ. ಆದರೆ ಲಾರಿಗೆ ದೋಣಿ ಏರಿಸಲು, ಇಳಿಸಲು ಹತ್ತಾರು ಜನ ಇಲ್ಲವೇ ಕ್ರೇನ್ ಬೇಕು. ತೀರದಲ್ಲಿ ಜನ ಇದ್ದರು. ಇಳಿಸಬೇಕಾದ ಕಡೆ ನೀರಿತ್ತು, ಕತ್ತಲಿತ್ತು. ಟ್ರೇಲರಿನ ಗುಣ ಇಲ್ಲೇ: ನೀರಿನ ಅಂಚಿಗೆ ಹಿಮ್ಮುಖವಾಗಿ ಹೋದರೆ ಇಬ್ಬರೇ ದೋಣಿ ಇಳಿಸಬಹುದು. ಆದರೆ ಅಂಥ ಹೊತ್ತಿನಲ್ಲಿ ಟ್ರೇಲರ್ ಓಡುವುದು ಮಳೆಯಲ್ಲಿ, ರಾತ್ರಿಯಲ್ಲಿ, ಅವಸರದಲ್ಲಿ, ಗುರುತಿಲ್ಲದ ರಸ್ತೆಯಲ್ಲಿ. ಬ್ರೇಕಿಲ್ಲದ ಟ್ರೇಲರ್ ಕೈಕೊಡುವುದೂ ಇಂಥ ಹೊತ್ತಿನಲ್ಲೇ.

ಕಾಡಿನ ಮರವನ್ನು ಬೆಟ್ಟದಿಂದ ಇಳಿಸುವಾಗ ಎಳೆಯುವವನಿಗಿಂತ ತಡೆಯುವವನು ಮುಖ್ಯವಾಗಿದ್ದ. ಆ ಹಳಿ ಬಂದು ಮುಗಿಯುತ್ತಿದ್ದ ಚಾಲಕುಡಿಗೇ ನೂರ ಹನ್ನೊಂದು ವರ್ಷಗಳ ಬಳಿಕ ದೋಣಿಗಳು ರಸ್ತೆಯಲ್ಲಿ ಬಂದವು. ಮುಂದಿನ ಪ್ರವಾಹಕ್ಕೆ ದೋಣಿ ಹೊರುವ ಟ್ರೇಲರುಗಳು ಹಿತ್ತಿಲಲ್ಲೋ ಶೆಡ್ಡಿನಲ್ಲೋ ನಿಂತಿದ್ದರೆ, ಅವುಗಳ ಅಚ್ಚು, ಡ್ರಮ್, ಕೊಂಡಿಯನ್ನು ನೋಡಿಸಬೇಕಾದದ್ದು ಮಳೆಗಾಲಕ್ಕೆ ಮೊದಲು.